ಆನ್‌ಲೈನ್ ಮೀಟಿಂಗ್ ಶುರುವಾಗಿ ಹತ್ತು ನಿಮಿಷಕ್ಕೆ ಮನಸ್ಸು ಎಲ್ಲೋ ಹೋಗುತ್ತದೆ, ಏನು ಮಾಡಲಿ?

ದಿನಕ್ಕೆ ನಾಲ್ಕೈದು ಮೀಟಿಂಗ್, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಗಮನ ಬೇರೆಡೆಗೆ, ಯಾರಾದರೂ ಹೆಸರು ಹಿಡಿದು ಕರೆದರೆ ಎದೆ ಧಸಕ್ಕೆನ್ನುತ್ತದೆ, ಏಕಾಗ್ರತೆ ಬೆಳೆಸಿಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ನನ್ನ ಕೆಲಸವೂ ಬಹುಪಾಲು ಕಾಲ್‌ಗಳಲ್ಲೇ ನಡೆಯುತ್ತದೆ. ನನ್ನ ಮಾತು ಕೇಳುವುದಾದರೆ ಏಕಾಗ್ರತೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆ ಮೀಟಿಂಗ್‌ನಲ್ಲಿ ನಿಮಗೆ ಮಾಡಲು ಏನಾದರೂ ಕೆಲಸ ಇದೆಯೇ ಅಂತ ಮೊದಲು ನೋಡಿಕೊಳ್ಳಿ.

ಕಾಲ್‌ನಲ್ಲಿ ಹದಿನೈದು ಜನ ಇರುತ್ತಾರೆ, ಮಾತಾಡುವವರು ಇಬ್ಬರು. ಉಳಿದವರು ತಮ್ಮ ಹೆಸರು ಯಾವಾಗ ಬರುತ್ತದೋ ಎಂದು ಕಾಯುತ್ತಿರುತ್ತಾರೆ. ಈ ಕಾಯುವಿಕೆ ಎಷ್ಟು ಕಷ್ಟದ್ದು ಅನ್ನುವುದಕ್ಕೆ ಹಳೆಯ ಪ್ರಯೋಗವೊಂದಿದೆ. ಎರಡನೇ ಮಹಾಯುದ್ಧದಲ್ಲಿ ರಾಡಾರ್ ಪರದೆ ನೋಡುತ್ತ ಕೂತವರು ಹೊತ್ತು ಕಳೆದಂತೆ ಜಲಾಂತರ್ಗಾಮಿಗಳ ಸುಳಿವನ್ನೇ ಗಮನಿಸದೆ ಬಿಡುತ್ತಿದ್ದರು. ಯಾಕೆ ಹೀಗೆ ಎಂದು ಪರೀಕ್ಷಿಸಲು ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಗಡಿಯಾರ ಸಿದ್ಧಪಡಿಸಿದರು. ಅದರ ಮುಳ್ಳು ಒಂದೊಂದೇ ಹೆಜ್ಜೆ ಸರಿಯುತ್ತದೆ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಒಟ್ಟಿಗೆ ಹಾರುತ್ತದೆ. ಹಾರಿದ್ದು ಕಂಡರೆ ಹೇಳಬೇಕು, ಅಷ್ಟೇ. 1948ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎರಡು ಗಂಟೆಯ ಪಾಳಿಯಲ್ಲಿ ಮೊದಲ ಅರ್ಧ ಗಂಟೆ ಮುಗಿಯುವಷ್ಟರಲ್ಲೇ ಜನ ಆ ಹಾರಿಕೆಯನ್ನು ಹೆಚ್ಚುಹೆಚ್ಚಾಗಿ ತಪ್ಪಿಸಿಕೊಳ್ಳತೊಡಗಿದ್ದರು. ಒಂದೇ ಸಮನೆ ಸಾಗುವ ಯಾವುದರಲ್ಲಾದರೂ ಯಾವಾಗಲೋ ಬರುವ ಸೂಚನೆಗಾಗಿ ಕಣ್ಣು ಕಿವಿ ತೆರೆದು ಕೂರುವುದು ಶಿಸ್ತಿದ್ದವರಿಗೂ ಕಷ್ಟವೇ. ಹಾಗಾಗಿ ನಿಮ್ಮನ್ನು ನೀವು ಬೈದುಕೊಳ್ಳುವುದರಿಂದ ಏನೂ ಸಿಗುವುದಿಲ್ಲ.

ಕೆಲಸ ಅಂದರೆ ದೊಡ್ಡದೇನೂ ಬೇಕಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಟಿಪ್ಪಣಿ, ಆದರೆ ಕಿವಿಗೆ ಬಿದ್ದದ್ದನ್ನೆಲ್ಲ ಗೀಚುವ ಟಿಪ್ಪಣಿ ಅಲ್ಲ. ನಾನು ಬರೆಯುವುದು ಏನು ತೀರ್ಮಾನವಾಯಿತು, ಯಾರು ಮಾಡುತ್ತಾರೆ, ಯಾವಾಗ ಮುಗಿಯಬೇಕು ಅನ್ನುವುದನ್ನು ಮಾತ್ರ. ಈ ಮೂರನ್ನು ಹಿಡಿಯಬೇಕಾದರೆ ಮಾತನ್ನು ಜಾಲಾಡಲೇಬೇಕು. ಎಷ್ಟೋ ಸಲ ಇಪ್ಪತ್ತು ನಿಮಿಷ ಚರ್ಚೆ ನಡೆದರೂ 'ಯಾರು' ಅನ್ನುವ ಜಾಗ ಖಾಲಿಯೇ ಉಳಿದಿರುತ್ತದೆ. ಆಗ ಕೇಳಲು ನಿಮ್ಮ ಹತ್ತಿರ ಒಂದು ಒಳ್ಳೆಯ ಪ್ರಶ್ನೆ ತಾನಾಗಿಯೇ ಹುಟ್ಟಿರುತ್ತದೆ: 'ಹಾಗಾದರೆ ಇದನ್ನು ಯಾರು ತಗೊಳ್ತಾರೆ?' ಇಂಥ ಪ್ರಶ್ನೆ ಕೇಳುವವರನ್ನು ಯಾರೂ ಗಮನವಿಲ್ಲದವರು ಅಂದುಕೊಳ್ಳುವುದಿಲ್ಲ. ಮಿನಿಟ್ಸ್ ಬರೆಯುವ ಹೊಣೆ ಬೇರೆಯವರ ಮೇಲಿದ್ದರೂ ನಿಮ್ಮದನ್ನು ನೀವು ಬರೆದುಕೊಳ್ಳಿ. ತಾನಾಗಿ ಸಾರಾಂಶ ಬರೆಯುವ ತಂತ್ರಾಂಶ ಈಗ ಎಲ್ಲೆಡೆ ಇದೆ, ಗೊತ್ತು. ಅದು ಬರೆಯುತ್ತದೆ ಅಂತ ನೀವು ಬಿಟ್ಟ ಕ್ಷಣ ಮತ್ತೆ ಬರಿಗೈಯಲ್ಲಿ ಕೂತ ಪ್ರೇಕ್ಷಕರಾಗುತ್ತೀರಿ.

ಇನ್ನೊಂದು, ಮೊದಲ ಐದು ನಿಮಿಷದಲ್ಲೇ ಒಂದು ಮಾತು ಆಡಿಬಿಡಿ. ಸಣ್ಣ ಸ್ಪಷ್ಟನೆ ಕೇಳಿದರೂ ಸಾಕು. ಹೊತ್ತಾದಂತೆ ಬಾಯಿ ತೆರೆಯುವುದು ಕಷ್ಟವಾಗುತ್ತದೆ, ಇದಕ್ಕೆ ನಿಮ್ಮ ಸಂಕೋಚವೊಂದೇ ಕಾರಣವಲ್ಲ. ಎದುರುಬದುರು ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಅಂತರ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ನೆಟ್‌ವರ್ಕ್‌ನ ವಿಳಂಬವೇ ಇದಕ್ಕೆ ಸಮ ಆಗಿಬಿಟ್ಟರೆ ನಡುವೆ ನುಗ್ಗುವ ಸಂದು ಕಾಣಿಸುವುದಿಲ್ಲ. ನೀವು ಬಾಯಿ ತೆಗೆದಾಗಲೇ ಇನ್ನೊಬ್ಬರೂ ತೆಗೆದಿರುತ್ತಾರೆ, 'ನೀವು ಹೇಳಿ', 'ಇಲ್ಲ ನೀವು ಹೇಳಿ' ಅಂತ ಉಪಚಾರ ಶುರುವಾಗುತ್ತದೆ. ಎರಡು ಸಲ ಹೀಗಾದರೆ ಮನುಷ್ಯ ಮ್ಯೂಟ್ ಒತ್ತಿ ಹಿಂದೆ ಸರಿಯುತ್ತಾನೆ. ಅದಕ್ಕೇ ಕೈ ಎತ್ತುವ ಗುಂಡಿಯನ್ನೋ ಚಾಟನ್ನೋ ಬಳಸಿ. ಕೈ ಎತ್ತುವುದು ಶಾಲೆಯ ಮಕ್ಕಳ ಕೆಲಸ ಅನ್ನಿಸಿದರೂ ಪರವಾಗಿಲ್ಲ.

ಮೀಟಿಂಗ್ ನಡುವೆ ಮೇಲ್ ನೋಡುವ ಚಟ ನಿಮಗಿದ್ದರೆ, ಅದು ನಿಮ್ಮೊಬ್ಬರದೇ ಅಲ್ಲ. ಮೈಕ್ರೋಸಾಫ್ಟ್ ತನ್ನದೇ ಉದ್ಯೋಗಿಗಳ ಮೀಟಿಂಗ್‌ಗಳನ್ನು ಅಧ್ಯಯನ ಮಾಡಿ 2021ರಲ್ಲಿ ವರದಿ ಮಾಡಿದಾಗ ಸುಮಾರು 30 ಶೇಕಡಾ ಮೀಟಿಂಗ್‌ಗಳಲ್ಲಿ ಜನ ಇಮೇಲ್ ಕೆಲಸವನ್ನೂ ಮಾಡುತ್ತಿದ್ದದ್ದು ಕಂಡಿತು. ದೊಡ್ಡ ಗುಂಪಿನ, ಉದ್ದನೆಯ, ವಾರವಾರವೂ ಬರುವ ಮೀಟಿಂಗ್‌ಗಳಲ್ಲಿ ಇದು ಹೆಚ್ಚು. ಅಂದರೆ ಜನ ಕಳಚಿಕೊಳ್ಳುವುದು ತಮಗೆ ಪಾತ್ರವಿಲ್ಲದ ಕಡೆಯೇ ಎಂದು ನಾನು ಓದಿಕೊಳ್ಳುತ್ತೇನೆ. ಮೇಲ್‌ನಿಂದ ಆಗುವ ನಷ್ಟ ಅದನ್ನು ಓದುವ ಅರ್ಧ ನಿಮಿಷಕ್ಕೆ ಮುಗಿಯುವುದಿಲ್ಲ. ಅರ್ಧ ಮುಗಿದ ಕೆಲಸದ ಒಂದು ಪಾಲು ತಲೆಯಲ್ಲೇ ಉಳಿದು ಮುಂದಿನದಕ್ಕೆ ಅಡ್ಡ ಬರುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲೇ ತೋರಿಸಿದ್ದರು. ಕಿಟಕಿಯನ್ನು ಮಿನಿಮೈಸ್ ಮಾಡಿದರೆ ಸಾಲದು, ಮುಚ್ಚಿಬಿಡಿ. ಫೋನು ಮೇಜಿನ ಮೇಲೆ ಬೇಡ.

ಕೈ ಸುಮ್ಮನಿರದಿದ್ದರೆ ಕಾಗದದ ಮೇಲೆ ಗೀಚಿ. ತಮಾಷೆಗೆ ಹೇಳುತ್ತಿಲ್ಲ. ಜ್ಯಾಕಿ ಆಂಡ್ರೇಡ್ ಎಂಬ ಮನಶ್ಶಾಸ್ತ್ರಜ್ಞೆ 40 ಜನರಿಗೆ ಬೇಸರ ಹುಟ್ಟಿಸುವ ಫೋನ್ ಸಂದೇಶವೊಂದನ್ನು ಕೇಳಿಸಿದ್ದರು. ಕೇಳುತ್ತ ಕಾಗದದ ಮೇಲಿನ ಆಕೃತಿಗಳಿಗೆ ಪೆನ್ಸಿಲ್ ತುಂಬುತ್ತಿದ್ದವರು ಸುಮ್ಮನೆ ಕೇಳಿದವರಿಗಿಂತ 29 ಶೇಕಡಾ ಹೆಚ್ಚು ವಿವರ ನೆನಪಿಟ್ಟುಕೊಂಡಿದ್ದರು. ಪದಗಳನ್ನು ಬೇಡದ ಕೆಲಸವಾದ್ದರಿಂದ ಕೇಳುವಿಕೆಗೆ ಅದು ಅಷ್ಟಾಗಿ ಅಡ್ಡಿಯಾಗುವುದಿಲ್ಲ ಅನ್ನುವುದು ನನ್ನ ಅನುಭವ. ಚಾಟಿಂಗ್‌ಗೆ ಈ ರಿಯಾಯಿತಿ ಇಲ್ಲ.

ಕ್ಯಾಮೆರಾ ಬಗ್ಗೆ ನನ್ನದು ಸ್ವಲ್ಪ ಮೊಂಡು ಅಭಿಪ್ರಾಯ: ಸದಾ ಆನ್ ಇರಬೇಕು ಅನ್ನುವ ನಿಯಮ ಜನರನ್ನು ಗಮನವಿಟ್ಟವರಂತೆ ನಟಿಸಲು ಕಲಿಸುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೋ ಕಾಲ್‌ನ ಆಯಾಸಕ್ಕೆ ನಾಲ್ಕು ಕಾರಣ ಮುಂದಿಟ್ಟರು. ತೀರಾ ಹತ್ತಿರದಿಂದ ಎಡೆಬಿಡದ ಕಣ್ನೋಟ, ಹಾವಭಾವ ಓದಲು ಬೇಕಾಗುವ ಹೆಚ್ಚುವರಿ ಶ್ರಮ, ಸದಾ ತನ್ನ ಮುಖವನ್ನೇ ನೋಡುತ್ತಿರುವುದು, ಕೂತಲ್ಲೇ ಕೂರಬೇಕಾದದ್ದು. ಮೂರನೆಯದಕ್ಕೆ ಪರಿಹಾರ ಸುಲಭ. ಕ್ಯಾಮೆರಾ ಆನ್ ಇದ್ದರೂ ನಿಮ್ಮ ಚಿತ್ರ ನಿಮಗೆ ಮಾತ್ರ ಕಾಣದಂತೆ ಮಾಡುವ 'ಹೈಡ್ ಸೆಲ್ಫ್ ವ್ಯೂ' ಆಯ್ಕೆ ಜೂಮ್‌ನಲ್ಲಿದೆ. ನಾಲ್ಕನೆಯದಕ್ಕೆ, ಸ್ಕ್ರೀನ್ ನೋಡಬೇಕಿಲ್ಲದ ಕಾಲ್‌ಗಳಲ್ಲಿ ನಾನು ಇಯರ್‌ಫೋನ್ ಹಾಕಿಕೊಂಡು ಎದ್ದು ಓಡಾಡುತ್ತೇನೆ, ಕ್ಯಾಮೆರಾ ಆಫ್ ಅಂತ ಮೊದಲೇ ಹೇಳಿಬಿಟ್ಟು.

ಮೀಟಿಂಗ್ ಕರೆಯುವುದು ನೀವೇ ಆದರೆ ಅರ್ಧ ಗಂಟೆಯದನ್ನು 25 ನಿಮಿಷಕ್ಕೆ, ಒಂದು ಗಂಟೆಯದನ್ನು 50ಕ್ಕೆ ಇಡಿ. ಗೂಗಲ್ ಕ್ಯಾಲೆಂಡರ್‌ನ 'ಸ್ಪೀಡಿ ಮೀಟಿಂಗ್ಸ್' ಸೆಟ್ಟಿಂಗ್ ಇದನ್ನೇ ಮಾಡುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ಮೀಟಿಂಗ್‌ಗಳಲ್ಲಿ ನಿಮಗೆ ಯಾವ ಕೆಲಸವೂ ಸಿಗುವುದಿಲ್ಲ. ಅಂಥವನ್ನು ಬಿಡಬೇಕು, ಒರಟಾಗಿ ಅಲ್ಲ. ನಾನು ಹಿಂದಿನ ದಿನವೇ ಕರೆದವರಿಗೆ ಹೀಗೆ ಬರೆಯುತ್ತೇನೆ: 'ಅಜೆಂಡಾ ನೋಡಿದೆ, ನನ್ನಿಂದ ಯಾವ ವಿಷಯಕ್ಕೆ ಮಾಹಿತಿ ಬೇಕು ಹೇಳಿ, ಆ ಹೊತ್ತಿಗೆ ಬರುತ್ತೇನೆ. ಏನೂ ಇಲ್ಲದಿದ್ದರೆ ಆಮೇಲೆ ಟಿಪ್ಪಣಿ ಓದಿಕೊಳ್ಳುತ್ತೇನೆ.' ಬಹಳಷ್ಟು ಸಲ 'ಓದಿಕೊಂಡರೆ ಸಾಕು' ಅಂತ ಉತ್ತರ ಬರುತ್ತದೆ. ಇಲ್ಲ, ಬರಲೇಬೇಕು ಅಂದರೆ ಯಾಕೆ ಅನ್ನುವುದನ್ನೂ ಅವರೇ ಹೇಳುತ್ತಾರೆ. ಆ ಕಾಲ್‌ನಲ್ಲಿ ನಿಮ್ಮ ಕೆಲಸ ಅದೇ.