ಬೆಳಗಾವಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 445 ಕಿ.ಮೀ. ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ ಹಾದುಹೋಗುವ ಹೆದ್ದಾರಿಯಲ್ಲಾದರೆ 500ರ ಆಸುಪಾಸು.

ಜೆಟ್ ವಿಮಾನ ಗಾಳಿಯಲ್ಲಿರುವುದು ಹೆಚ್ಚುಕಡಿಮೆ 50 ನಿಮಿಷ. ಟಿಕೆಟ್‌ನಲ್ಲಿ ಮಾತ್ರ ಒಂದು ಗಂಟೆಗಿಂತ ಹೆಚ್ಚು ತೋರಿಸುತ್ತದೆ. ಅದು ವಿಮಾನ ಇಲ್ಲಿ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಮತ್ತೆ ನಿಲ್ಲುವವರೆಗಿನ ಲೆಕ್ಕ: ರನ್‌ವೇವರೆಗೆ ಉರುಳುವುದು, ಇಳಿಯಲು ಸರದಿ ಕಾಯುವುದು ಎಲ್ಲ ಸೇರಿ. ಪ್ರೊಪೆಲ್ಲರ್ ಇರುವ ಎಟಿಆರ್ ಸಿಕ್ಕರೆ ಇನ್ನೂ ನಿಧಾನ. ಅದರ ಓಟ ಗಂಟೆಗೆ ಸುಮಾರು 500 ಕಿ.ಮೀ.

ನನ್ನ ಮಾತು ಕೇಳುವುದಾದರೆ ಮನೆಯಿಂದ ಮನೆಗೆ ಲೆಕ್ಕ ಹಾಕಿ. ಸಾಂಬ್ರಾ ನಮ್ಮೂರಿಂದ ಹತ್ತೇ ಕಿ.ಮೀ.; ಬೆಂಗಳೂರಿನಲ್ಲಿ ಇಳಿದ ಮೇಲೆ ಮೆಜೆಸ್ಟಿಕ್ ತಲುಪಲು ಸುಮಾರು 35 ಕಿ.ಮೀ. ಸಂಜೆ ಹೆಬ್ಬಾಳದಲ್ಲಿ ಸಿಕ್ಕಿಬಿದ್ದರೆ, ಹಾರಿದ್ದಕ್ಕಿಂತ ಹೆಚ್ಚು ಹೊತ್ತು ಟ್ಯಾಕ್ಸಿಯಲ್ಲೇ ಕೂರಬೇಕಾದೀತು.