ಹೆಣ್ಣು ಲೆಪರ್ಡ್ ಗೆಕೋ (ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ) ತಿನ್ನೋದು ಬಿಟ್ಟಿದೆ. ಪೊರೆ ಬಿಡುತ್ತಿದೆಯಾ, ಮೊಟ್ಟೆ ಇಡುತ್ತಿದೆಯಾ?

ಎರಡಕ್ಕೂ ಮುಂಚೆ ಅದು ತಿನ್ನುವುದು ಕಡಿಮೆ ಮಾಡಿ ಮೂಲೆ ಸೇರುತ್ತದೆ, ಗೊಂದಲ ಆಗುವುದು ಸಹಜ. ಮೊದಲು ಬಣ್ಣ ನೋಡಿ. ಪೊರೆ ಬಿಡುವ ಮುಂಚೆ ಮೈಯೆಲ್ಲ ಮಂಕಾಗಿ ಬೆಳ್ಳಗಾಗುತ್ತದೆ, ಆಮೇಲೆ ಸುಲಿದ ಪೊರೆಯನ್ನು ತಾನೇ ತಿಂದುಬಿಡುತ್ತದೆ, ಹಾಗಾಗಿ ಬೆಳಿಗ್ಗೆ ಹುಡುಕಿದರೂ ಏನೂ ಸಿಗಲ್ಲ. ಬೆರಳ ತುದಿಗಳನ್ನು ಮಾತ್ರ ತಪ್ಪದೆ ನೋಡಿ. ಅಲ್ಲಿ ಉಂಗುರದ ಹಾಗೆ ಪೊರೆ ಉಳಿದುಕೊಂಡರೆ ರಕ್ತ ಓಡಾಟ ನಿಂತು ಬೆರಳೇ ಉದುರಬಹುದು. ನಮ್ಮ ರಾಯಚೂರಿನ ಬೇಸಿಗೆ ಗೊತ್ತಲ್ವಾ, ಒಣ ಗಾಳಿಗೆ ಎಲ್ಲ ಬೇಗ ಒಣಗುತ್ತದೆ. ಅದಕ್ಕೇ ಮುಚ್ಚಳದ ಡಬ್ಬಿಗೆ ಗೆಕೋ ಒಳಗೆ ಹೋಗುವಷ್ಟು ತೂತು ಮಾಡಿ, ಒದ್ದೆ ತೆಂಗಿನ ನಾರಿನ ಪುಡಿ ತುಂಬಿ ಅದರ ಗಾಜಿನ ತೊಟ್ಟಿಯೊಳಗಿಡಿ, ಒದ್ದೆ ಇದೆಯಾ ಅಂತ ದಿನಾ ಮುಟ್ಟಿ ನೋಡಿ.

ಮೊಟ್ಟೆಯಾದರೆ ಹೊಟ್ಟೆಯಲ್ಲೇ ಗೊತ್ತಾಗುತ್ತದೆ. ತೊಟ್ಟಿಯ ಗಾಜಿನ ಕೆಳಗಿಂದ ನೋಡಿದರೆ ತೆಳು ಚರ್ಮದೊಳಗೆ ಸಾಮಾನ್ಯವಾಗಿ 2 ಬಿಳಿ ಉಂಡೆ ಕಾಣುತ್ತವೆ, ಜೊತೆಗೆ ನೆಲ ಕೆರೆಯುತ್ತಾ ಜಾಗ ಹುಡುಕುತ್ತಿರುತ್ತದೆ. ಗಂಡು ಇಲ್ಲದಿದ್ದರೂ ಮೊಟ್ಟೆ ಇಡಬಹುದು, ಮರಿ ಆಗಲ್ಲ ಅಷ್ಟೇ. ಆ ಒದ್ದೆ ಡಬ್ಬಿಯೇ ಇದಕ್ಕೂ ಸಾಕು. ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡಿ. ಅಗೆದು ಅಗೆದು ಸುಸ್ತಾದರೂ ಮೊಟ್ಟೆ ಬರದಿದ್ದರೆ ಸುಮ್ನೆ ಕಾಯಬೇಡಿ, ಒಳಗೇ ಸಿಕ್ಕಿಕೊಂಡಿರಬಹುದು, ಜೀವಕ್ಕೇ ಅಪಾಯ. ತಕ್ಷಣ ಪಶುವೈದ್ಯರಿಗೆ ತೋರಿಸಿ.