ದುಬೈಗೆ ಹೋಗುವ ಮೊದಲೇ ಅಲ್ಲಿ ಬ್ಯಾಂಕ್ ಖಾತೆ ತೆರೆಯಬಹುದಾ?

ಭಟ್ಕಳದಲ್ಲಿ ಕುಳಿತು ದುಬೈ ಖಾತೆ ತೆರೆಯುವುದು ಸುಲಭವಲ್ಲ. ಮುಂದಿನ ತಿಂಗಳು ಕೆಲಸಕ್ಕೇ ಹೊರಟಿರುವ ನಿಮಗೆ ಅದರ ಅಗತ್ಯವೂ ಇಲ್ಲ. ಸಂಬಳದ ಖಾತೆಗೆ ಅಲ್ಲಿನ ಬ್ಯಾಂಕುಗಳು ಎಮಿರೇಟ್ಸ್ ಐಡಿ, ಅಂದರೆ ಅಲ್ಲಿನ ಸರ್ಕಾರ ಕೊಡುವ ಗುರುತಿನ ಚೀಟಿ, ಕೇಳುತ್ತವೆ. ರೆಸಿಡೆನ್ಸ್ ವೀಸಾ ಆಗುವಾಗ ಅದೂ ಆಗುತ್ತದೆ, ಸಾಮಾನ್ಯವಾಗಿ ಕಂಪನಿಯೇ ಮಾಡಿಸುತ್ತದೆ.

ರೆಸಿಡೆನ್ಸ್ ವೀಸಾ ಇಲ್ಲದವರಿಗೂ ಕೆಲವು ಬ್ಯಾಂಕುಗಳು ಅನಿವಾಸಿ ಉಳಿತಾಯ ಖಾತೆ ಕೊಡುತ್ತವೆ. ಆದರೆ ಖಾತೆಯಲ್ಲಿ ಜಾಸ್ತಿ ಹಣ ಇಡಬೇಕು, ಚೆಕ್ ಪುಸ್ತಕ ಸಾಮಾನ್ಯವಾಗಿ ಸಿಗುವುದಿಲ್ಲ. ಪಾಸ್‌ಪೋರ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಹಣ ಎಲ್ಲಿಂದ ಬಂತು ಎಂಬ ದಾಖಲೆ, ವಿಳಾಸದ ಪುರಾವೆ ಎಲ್ಲ ಬೇಕು. ನಮ್ಮ ಕಡೆಯವರಿಗೆ ತೊಡಕಾಗುವುದು ವಿಳಾಸವೇ. ಹೆಸ್ಕಾಂ ಬಿಲ್ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ, ಅಲ್ವಾ? ಪಾಸ್‌ಪೋರ್ಟಿನಲ್ಲಿರುವ ವಿಳಾಸವನ್ನೇ ಊರಿನ ಬ್ಯಾಂಕಿನಲ್ಲೂ ಹಾಕಿಸಿ. ಆರು ತಿಂಗಳ ಸ್ಟೇಟ್‌ಮೆಂಟಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಎರಡರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ. ಒಂದರಲ್ಲಿ ಬರೀ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಇದ್ದರೆ ಸುಮ್ನೆ ಓಡಾಟ.

ದುಡ್ಡು ಕೊಟ್ಟರೆ ಮೊದಲೇ ಖಾತೆ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರ ಕೈಗೆ ಪಾಸ್‌ಪೋರ್ಟ್ ಪ್ರತಿ ಕೊಡಬೇಡಿ.

ಇದಕ್ಕಿಂತ ಮುಖ್ಯವಾದದ್ದು ಊರಿನ ಖಾತೆ. ಕೆಲಸಕ್ಕೆಂದು ದೇಶ ಬಿಟ್ಟ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳು ಭಾರತದ ಆದಾಯ ಇಡುವ ಖಾತೆ) ಬದಲಿಸಬೇಕು. ಮನೆಗೆ ಕಳಿಸುವ ಸಂಬಳಕ್ಕೆ ಎನ್‌ಆರ್‌ಇ ಖಾತೆ (ಅನಿವಾಸಿಗಳು ಹೊರದೇಶದ ದುಡಿಮೆ ಇಡುವ ಇಲ್ಲಿನ ಖಾತೆ) ಒಳ್ಳೆಯದು. ಅನಿವಾಸಿಯಾಗಿರುವಷ್ಟು ಕಾಲ ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ, ಹಣವನ್ನು ಮತ್ತೆ ಹೊರಗೆ ಒಯ್ಯಲು ಮಿತಿಯೂ ಇಲ್ಲ. ಎನ್‌ಆರ್‌ಒದಿಂದಾದರೆ ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ. ನಮ್ಮಂಥವರಿಗೆ ಅದು ದೊಡ್ಡ ತೊಂದರೆ ಏನಲ್ಲ ಬಿಡಿ.